ಚಿನ್ನದ ಲೆಕ್ಕ, ಉಸಿರಿನ ಲೆಕ್ಕ

ಬೆಂಗಳೂರಿನ ಬೀದಿದೀಪಗಳ ಕಥೆ ನಮಗೆಲ್ಲ ಶಾಲೆಯ ದಿನಗಳಿಂದಲೂ ಗೊತ್ತು. 1905ರ ಆಗಸ್ಟ್ ತಿಂಗಳಲ್ಲಿ ಈ ನಗರದಲ್ಲಿ ವಿದ್ಯುತ್ ದೀಪ ಬೆಳಗಿತು, ಅದಕ್ಕೆ ಬೇಕಾದ ವಿದ್ಯುತ್ತು ಶಿವನಸಮುದ್ರದಿಂದ ಬಂತು, ಆ ಯೋಜನೆಯ ಹಿಂದೆ ದಿವಾನ್ ಶೇಷಾದ್ರಿ ಅಯ್ಯರ್ ಅವರ ದೂರದೃಷ್ಟಿ ಇತ್ತು ಎಂದು ನಾವು ಹೇಳಿಕೊಳ್ಳುತ್ತೇವೆ. ಹೆಮ್ಮೆಪಡಬೇಕಾದ ಸಂಗತಿಯೇ. ಆದರೆ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಬೆಂಗಳೂರಿಗಲ್ಲ. ಅದಕ್ಕೂ ಮೂರು ವರ್ಷ ಮೊದಲು, 1902ರ ಜೂನ್ ಕೊನೆಯಲ್ಲಿ, ಸುಮಾರು 147 ಕಿಲೋಮೀಟರ್ ಉದ್ದದ ತಂತಿಯ ಮೇಲೆ ಅದು ಕೋಲಾರದ ಚಿನ್ನದ ಗಣಿಗಳನ್ನು ತಲುಪಿತ್ತು. ಗಣಿಯ ಯಂತ್ರಗಳಿಗಾಗಿ ಕಾವೇರಿಯ ದಡದಲ್ಲಿ ಕಟ್ಟಿದ ವಿದ್ಯುದಾಗಾರವೇ ಆಮೇಲೆ ನಮ್ಮ ಬೀದಿಗಳಿಗೂ ಬೆಳಕು ಕೊಟ್ಟಿತು. ಕಾದಂಬರಿಯ ಬಗ್ಗೆ ಮಾತನಾಡೆಂದು ಕರೆದರೆ ಈಕೆ ವಿದ್ಯುತ್ತಿನ ಮಾತು ಯಾಕೆ ತೆಗೆದಳು ಎಂದು ನಿಮಗೆ ಅನ್ನಿಸಬಹುದು. ನಾನು ಈ ಕಾದಂಬರಿ ಬರೆದದ್ದೇ ಆ ತಂತಿಯ ಇನ್ನೊಂದು ತುದಿಯಲ್ಲಿದ್ದವರಿಗೆ ನಾವು ಏನು ಸಲ್ಲಿಸಬೇಕಾಗಿದೆ ಎಂಬ ಪ್ರಶ್ನೆಯಿಂದ.

ನಿಮ್ಮಲ್ಲಿ ಅನೇಕರು ಲ್ಯಾವೆಲ್ ರಸ್ತೆಯಲ್ಲಿ ಓಡಾಡಿರುತ್ತೀರಿ. ಆ ಹೆಸರಿನ ಮೈಕೇಲ್ ಲ್ಯಾವೆಲ್ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಕೋಲಾರದ ನೆಲದಲ್ಲಿ ಗಣಿ ತೋಡುವ ಪರವಾನಗಿ ಪಡೆದ ಐರಿಷ್ ಸೈನಿಕ. ಅವನ ಕೈಯಿಂದ ಆ ಹಕ್ಕು ಬೇರೆಯವರಿಗೆ ದಾಟಿತು, 1880ರ ಸುಮಾರಿಗೆ ಲಂಡನ್ನಿನ ಜಾನ್ ಟೇಲರ್ ಕಂಪನಿ ಬಂತು, ಆಮೇಲೆ ನೂರಿಪ್ಪತ್ತು ವರ್ಷ ಗಣಿ ನಡೆಯಿತು. ಒಂದು ನಗರದ ರಸ್ತೆಗಳ ಹೆಸರಿನಲ್ಲಿ, ಅದರ ದೀಪದಲ್ಲಿ, ಒಂದು ಕಾಲದ ಮೈಸೂರು ಸಂಸ್ಥಾನದ ಬೊಕ್ಕಸಕ್ಕೆ ಸೇರುತ್ತಿದ್ದ ರಾಯಧನದಲ್ಲಿ ಕೋಲಾರದ ಗಣಿ ಇದೆ. ನಮ್ಮ ಸಾಹಿತ್ಯದಲ್ಲಿ ಮಾತ್ರ ಅದು ಇರಬೇಕಾದಷ್ಟು ಇಲ್ಲ ಎಂದು ನನಗೆ ಬಹಳ ಕಾಲದಿಂದ ಅನ್ನಿಸುತ್ತಿತ್ತು.

ನಾನು ಹುಟ್ಟಿ ಬೆಳೆದದ್ದು ಬಂಗಾರಪೇಟೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ರಾಗಿ, ಹಿಪ್ಪುನೇರಳೆ, ಬಾವಿಯಲ್ಲಿ ನೀರಿದ್ದ ವರ್ಷ ಒಂದಿಷ್ಟು ಟೊಮೆಟೊ, ಇದು ನಮ್ಮ ಮನೆಯ ಬೇಸಾಯ. ನಮ್ಮೂರಿನ ಹಾಲು, ಸೊಪ್ಪು, ತರಕಾರಿ ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆಗೆ ಹೋಗುತ್ತಿತ್ತು, ಗಣಿಯ ಸಂಬಳದ ದಿನ ಒಳ್ಳೆಯ ಬೆಲೆ ಸಿಗುತ್ತಿತ್ತು. ಹೀಗೆ ಹೊಟ್ಟೆಯ ಸಂಬಂಧ ಇದ್ದರೂ ಊರಿನ ಮಾತಿನಲ್ಲಿ ಗಣಿಯ ಜನ ಯಾವಾಗಲೂ ‘ಅವರು’ ಆಗಿದ್ದರು. ಅವರ ಮನೆಮಾತು ತಮಿಳು, ಅವರ ಹಿರಿಯರು ಉತ್ತರ ಆರ್ಕಾಟು, ಸೇಲಂ, ಚಿತ್ತೂರಿನ ಕಡೆಯಿಂದ ಬಂದವರು, ಬಹುಪಾಲು ದಲಿತರು. ನಾಲ್ಕು ತಲೆಮಾರು ಇದೇ ಮಣ್ಣಿನಲ್ಲಿ ಹುಟ್ಟಿ ಇದೇ ಮಣ್ಣಿಗೆ ಸೇರಿದ ಮೇಲೂ ಅವರನ್ನು ಬಂದವರೆಂದೇ ಕರೆಯುತ್ತಿದ್ದ ನಮ್ಮ ಹಳ್ಳಿಯ ಮನಸ್ಸನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಆ ಮನಸ್ಸು ಹಳ್ಳಿಯದು ಮಾತ್ರವಲ್ಲ ಎಂಬುದು ಕಾದಂಬರಿ ಪ್ರಕಟವಾದ ಮೇಲೆ ಇನ್ನಷ್ಟು ಸ್ಪಷ್ಟವಾಯಿತು; ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಪ್ರೇರಣೆ ಎಂದರೆ ಒಂದು ಘಟನೆ, ಒಂದು ಕ್ಷಣ ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ನನ್ನ ವಿಷಯದಲ್ಲಿ ಅದು ಹಳೆಯ ವರದಿಗಳನ್ನು ಓದುತ್ತಾ ಓದುತ್ತಾ ಮೂಡಿದ ಒಂದು ಅಸಮಾಧಾನ. ಬೇರೊಂದು ಬರಹಕ್ಕಾಗಿ ನಾನು ಗಣಿ ಕಂಪನಿಗಳು ತಮ್ಮ ಷೇರುದಾರರಿಗೆ ಸಲ್ಲಿಸಿದ ವಾರ್ಷಿಕ ವರದಿಗಳನ್ನೂ ಸಂಸ್ಥಾನದ ಗಣಿ ತಪಾಸಣೆಯ ವರದಿಗಳನ್ನೂ ನೋಡುತ್ತಿದ್ದೆ. ಎಷ್ಟು ಟನ್ ಅದಿರು ಅರೆದರು, ಎಷ್ಟು ಔನ್ಸ್ ಚಿನ್ನ ಬಂತು, ಒಂದು ಟನ್ ಅದಿರು ಅರೆಯಲು ಎಷ್ಟು ಖರ್ಚಾಯಿತು, ಷೇರಿಗೆ ಎಷ್ಟು ಲಾಭಾಂಶ ಎಂಬುದೆಲ್ಲ ಅಲ್ಲಿ ಚೊಕ್ಕವಾಗಿ ಇತ್ತು. ಆ ನೆಲದಿಂದ ಒಟ್ಟು ತೆಗೆದ ಚಿನ್ನ ಸುಮಾರು 800 ಟನ್. ಮೊದಮೊದಲು ಒಂದು ಟನ್ ಅದಿರಿನಲ್ಲಿ 40 ಗ್ರಾಮಿಗೂ ಹೆಚ್ಚು ಚಿನ್ನ ಸಿಗುತ್ತಿದ್ದದ್ದು ಕೊನೆಕೊನೆಗೆ ಮೂರ್ನಾಲ್ಕು ಗ್ರಾಮಿಗೆ ಇಳಿದ ಕಥೆಯನ್ನೂ ಅಂಕಿಗಳೇ ಹೇಳುತ್ತವೆ. ಗಣಿ ಉಚ್ಛ್ರಾಯದಲ್ಲಿದ್ದಾಗ ಅಲ್ಲಿ ಸುಮಾರು 30,000 ಜನ ದುಡಿಯುತ್ತಿದ್ದರು. ಅವರ ವಿಷಯಕ್ಕೆ ಬಂದರೆ ಬಂಡೆ ಕುಸಿದು ಸತ್ತವರು ಇಷ್ಟು, ಜನರನ್ನು ಗಣಿಗೆ ಇಳಿಸಿ ಹತ್ತಿಸುವ ಕೇಜಿನ ಅಪಘಾತದಲ್ಲಿ ಸತ್ತವರು ಇಷ್ಟು ಎಂಬ ಸಂಖ್ಯೆ ಸಿಗುತ್ತದೆ. ಆದರೆ ಗಣಿಯೊಳಗೆ ಸಾಯದೆ, ಗಣಿಯನ್ನು ಎದೆಯಲ್ಲಿ ಹೊತ್ತುಕೊಂಡು ಮನೆಗೆ ಹೋಗಿ, ಹತ್ತು ವರ್ಷದ ನಂತರ ಸತ್ತವರ ಲೆಕ್ಕ ಎಲ್ಲಿ? ಅದನ್ನು ಹುಡುಕಲು ಹೊರಟದ್ದೇ ಈ ಕಾದಂಬರಿಯ ಆರಂಭ.

ಕಲ್ಲಿನ ದೂಳಿನಿಂದ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದರ ಸ್ವಭಾವ ತಿಳಿಯದೆ ಕಾದಂಬರಿಯ ಕಟ್ಟಡ ಅರ್ಥವಾಗುವುದಿಲ್ಲ. ಕೋಲಾರದ ಚಿನ್ನ ಇರುವುದು ಬೆಣಚುಕಲ್ಲಿನ ಪಟ್ಟಿಗಳಲ್ಲಿ. ಆ ಕಲ್ಲಿಗೆ ರಂಧ್ರ ಕೊರೆದು, ಮದ್ದು ತುಂಬಿ ಸಿಡಿಸಿ, ಒಡೆದು ಮೇಲಕ್ಕೆ ಸಾಗಿಸುವಾಗ ಏಳುವ ದೂಳಿನಲ್ಲಿ ಕಣ್ಣಿಗೆ ಕಾಣುವ ಕಣ ಅಷ್ಟು ಅಪಾಯಕಾರಿಯಲ್ಲ. ಅದು ಮೂಗಿನಲ್ಲೋ ಗಂಟಲಿನಲ್ಲೋ ನಿಂತು ಕೆಮ್ಮಿನ ಜೊತೆ ಹೊರಬರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದು ಶ್ವಾಸಕೋಶದ ಕಟ್ಟಕಡೆಯ ಗಾಳಿಚೀಲದವರೆಗೆ ಇಳಿದು ಅಲ್ಲಿ ಕೂತುಬಿಡುತ್ತದೆ. ದೇಹ ಅದನ್ನು ಕರಗಿಸಲಾರದೆ ಅದರ ಸುತ್ತ ಕಲೆಗಟ್ಟುತ್ತಾ ಹೋಗುತ್ತದೆ. ಹಾಗೆ ಗಟ್ಟಿಯಾದ ಭಾಗ ಮತ್ತೆ ಮೃದುವಾಗುವುದಿಲ್ಲ, ಮತ್ತು ಕಾರ್ಮಿಕ ಗಣಿ ಬಿಟ್ಟು ಮನೆಯಲ್ಲಿ ಕೂತ ಮೇಲೂ ರೋಗ ಬೆಳೆಯುವುದನ್ನು ನಿಲ್ಲಿಸುವುದಿಲ್ಲ. ಅಂಥ ಎದೆಗೆ ಕ್ಷಯ ಬೇಗ ತಗಲುತ್ತದೆ, ಆಗ ಸಾವಿನ ಕಾಗದದಲ್ಲಿ ಕ್ಷಯ ಎಂದು ಬರೆದರೆ ದೂಳಿನ ಮಾತು ಅಲ್ಲಿಗೆ ಮುಗಿದುಹೋಗುತ್ತದೆ. ಬಂಡೆ ಕುಸಿತದಲ್ಲಿ ದಿನಾಂಕ ಇದೆ, ಜಾಗ ಇದೆ, ಹೊಣೆ ಕೇಳಬಹುದು. ಇಲ್ಲಿ ಅಪರಾಧ ನಡೆದದ್ದು ಇಪ್ಪತ್ತು ವರ್ಷಗಳ ಉದ್ದಕ್ಕೂ, ಪ್ರತಿ ಉಸಿರಿನಲ್ಲೂ.

ಯಾರಿಗೂ ಇದು ಗೊತ್ತೇ ಇರಲಿಲ್ಲ ಎನ್ನುವಂತಿಲ್ಲ. 1940ರಲ್ಲೇ ಮೈಸೂರು ಸಂಸ್ಥಾನ ಸಿಲಿಕೋಸಿಸ್ ಸಂಬಂಧ ನಿಯಮಗಳನ್ನು ತಂದಿತು. ಅದೇ ದಶಕದಲ್ಲಿ ವೈದ್ಯರು ಏಳು ಸಾವಿರಕ್ಕೂ ಹೆಚ್ಚು ಗಣಿ ಕಾರ್ಮಿಕರ ಎದೆಯನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಯಲ್ಲಿ ರೋಗದ ಗುರುತು ಕಂಡಿತು. ಆ ಸಮೀಕ್ಷೆ ನಡೆದದ್ದು ಆಗ ಕೆಲಸದಲ್ಲಿದ್ದವರ ಮೇಲೆ. ಅದಕ್ಕಿಂತ ಮುಂಚೆಯೇ ಕೆಮ್ಮು ಹೆಚ್ಚಾಗಿ ಲೆಕ್ಕ ಚುಕ್ತಾ ಮಾಡಿಸಿಕೊಂಡು ಆರ್ಕಾಟಿನ ಹಳ್ಳಿಗೆ ಮರಳಿ ಅಲ್ಲಿ ಕಣ್ಣು ಮುಚ್ಚಿದವರನ್ನು ಯಾವ ವೈದ್ಯರೂ ಎಣಿಸಿಲ್ಲ. ಔನ್ಸಿನ ದಶಾಂಶದವರೆಗೆ ಲೆಕ್ಕ ಇಟ್ಟ ಒಂದು ವ್ಯವಸ್ಥೆಗೆ ಮನುಷ್ಯರ ವಿಷಯದಲ್ಲಿ ಇಷ್ಟು ದೊಡ್ಡ ಖಾಲಿ ಪುಟ ಬಿಡಲು ಹೇಗೆ ಸಾಧ್ಯವಾಯಿತು ಎಂಬ ಸಿಟ್ಟು ನನ್ನನ್ನು ಈ ಬರವಣಿಗೆಯ ಉದ್ದಕ್ಕೂ ನಡೆಸಿತು.

ಸಿಟ್ಟಿನಿಂದ ಲೇಖನ ಬರೆಯಬಹುದು, ಕಾದಂಬರಿಗೆ ಅದು ಸಾಲದು. ಕಾದಂಬರಿಗೆ ಒಬ್ಬ ವ್ಯಕ್ತಿ ಬೇಕು. ನನಗೆ ಆ ವ್ಯಕ್ತಿ ಸಿಕ್ಕಿದ್ದು ಚಾಂಪಿಯನ್ ರೀಫ್ ಗಣಿಯ ಬಳಿಯ ಒಂದು ಲೈನ್ ಮನೆಯಲ್ಲಿ. ಒಂದು ಕೋಣೆ, ಅದರ ಹಿಂದೆ ಅಡುಗೆಯ ಜಾಗ, ಅಕ್ಕಪಕ್ಕ ಅಂಥದೇ ಮನೆಗಳ ಸಾಲು. ಆ ಮನೆಯ ಹಿರಿಯ ಹೆಂಗಸು ಮಾತಿನ ನಡುವೆ ಎದ್ದು ಹೋಗಿ ಟ್ರಂಕಿನಿಂದ ಒಂದು ದೊಡ್ಡ ಲಕೋಟೆ ತಂದರು. ಪಡಿತರ ಚೀಟಿ, ಪ್ರಾವಿಡೆಂಟ್ ಫಂಡಿನ ಕಾಗದ, ಮಗಳ ಮದುವೆಯ ಫೋಟೊ ಇವುಗಳ ಜೊತೆಯಲ್ಲೇ ತೀರಿಹೋದ ಗಂಡನ ಎದೆಯ ಎಕ್ಸ್‌ರೇ ಇತ್ತು. ಅದನ್ನು ಬಾಗಿಲಿನ ಬೆಳಕಿಗೆ ಹಿಡಿದು, ಎಲ್ಲೆಲ್ಲಿ ಬಿಳಿ ಚುಕ್ಕೆ ಇದೆ ಎಂದು ವೈದ್ಯರಷ್ಟೇ ಖಚಿತವಾಗಿ ನನಗೆ ತೋರಿಸಿದರು. ಅವರಿಗೆ ಓದು ಬರುತ್ತಿರಲಿಲ್ಲ. ಪರಿಹಾರದ ಅರ್ಜಿಗಾಗಿ ಅದನ್ನು ಎಷ್ಟೋ ಕಡೆ ತೋರಿಸಿ ತೋರಿಸಿ ಅವರಿಗೆ ಅದು ಬಾಯಿಪಾಠವಾಗಿತ್ತು. ಗಣಿಯೊಳಗೆ ಒಂದು ದಿನವೂ ಇಳಿಯದ ಆ ಹೆಂಗಸಿನ ಕೈಯಲ್ಲಿ ಗಣಿಯ ಇಡೀ ಚರಿತ್ರೆ ಇದೆ ಎಂದು ನನಗನ್ನಿಸಿತು. ಕಾದಂಬರಿಯನ್ನು ಕಾರ್ಮಿಕನ ಬದಲು ಅವನ ಹೆಂಡತಿಯ ಕಣ್ಣಿನಿಂದ ಬರೆಯಬೇಕು ಎಂದು ತೀರ್ಮಾನವಾದದ್ದು ಅಲ್ಲಿ.

ಓದದವರಿಗಾಗಿ ಕಥೆಯ ರೇಖೆಯನ್ನಷ್ಟೇ ಹೇಳುತ್ತೇನೆ. ಮೂರು ತಲೆಮಾರು. ಮಾವ 1900ರ ಆಸುಪಾಸಿನಲ್ಲಿ ಆರ್ಕಾಟಿನ ಕಡೆಯಿಂದ ಗಣಿಗೆ ಆಳುಗಳನ್ನು ಕರೆತರುವ ಮೇಸ್ತ್ರಿಯೊಬ್ಬನ ಮುಂಗಡಕ್ಕೆ ಸಿಕ್ಕಿ ಬಂದ ಹುಡುಗ. ಗಂಡ ಬಂಡೆಗೆ ರಂಧ್ರ ಕೊರೆಯುವ ಡ್ರಿಲ್ಲರ್. ಮೊಮ್ಮಗಳು ಈಗ ದಿನವೂ ಬೆಳಗಿನ ಜಾವ ಗಣಿ ಪ್ರದೇಶದ ಮಾರಿಕುಪ್ಪಂನಿಂದ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಬಂದು ರಾತ್ರಿ ಮರಳುವ ಸಾವಿರಾರು ಜನರಲ್ಲಿ ಒಬ್ಬಳು. ಈ ಮೂವರ ನಡುವೆ ಸೊಸೆಯಾಗಿ, ಹೆಂಡತಿಯಾಗಿ, ಅಜ್ಜಿಯಾಗಿ ನಿಂತ ಹೆಂಗಸು ಕಥೆ ಹೇಳುತ್ತಾಳೆ.

ಮಾವನ ಭಾಗದಲ್ಲಿ ನಾನು ಹೆಚ್ಚು ಶ್ರಮ ಹಾಕಿದ್ದು 1930ರ ಮುಷ್ಕರಕ್ಕೆ. ಆ ವರ್ಷ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಾಯಿಸುವ ಕ್ರಮ ಜಾರಿಗೆ ಬಂದಾಗ ಗಣಿಯ ಜನ ಕೆಲಸ ನಿಲ್ಲಿಸಿದರು. ಕೂಲಿ ಹೆಚ್ಚಿಸಿ ಎಂದು ನಡೆದ ಮುಷ್ಕರ ಅದಲ್ಲ. ಬೆರಳಚ್ಚು ತೆಗೆಯುವುದು ಕಳ್ಳರದ್ದು, ಪೊಲೀಸರ ಪಟ್ಟಿಯಲ್ಲಿರುವವರದ್ದು, ದುಡಿದು ತಿನ್ನುವ ನಮ್ಮದನ್ನು ಯಾಕೆ ತೆಗೆಯುತ್ತೀರಿ ಎಂದು ಅವರು ಕೇಳಿದರು. ಪ್ರತಿ ಪಾಳಿ ಮುಗಿದಾಗಲೂ ಮೈ ತಡವಿಸಿಕೊಂಡು ಹೊರಬರಬೇಕಾಗಿದ್ದ ಜನ ಅವರು, ಅದಿರು ಕದ್ದಾರು ಎಂಬ ಅನುಮಾನದ ಕೆಳಗೇ ಬದುಕಿದವರು. ಆ ಅವಮಾನದ ಮೇಲೆ ಇದು ಇನ್ನೊಂದು. ಮುಷ್ಕರ ವಾರಗಟ್ಟಲೆ ನಡೆದು ಕೊನೆಗೆ ಆ ಕ್ರಮವನ್ನು ಕೈಬಿಡಬೇಕಾಯಿತು. ಸಂಘಟಿತ ಕಾರ್ಮಿಕ ಸಂಘವೇ ನೆಲೆಯೂರದಿದ್ದ ಕಾಲದಲ್ಲಿ ಸಾವಿರಾರು ಜನ ಹೀಗೆ ಒಟ್ಟಾಗಿ ನಿಂತದ್ದು ಹೇಗೆ ಎಂದು ಹುಡುಕುತ್ತಾ ಹೋದರೆ ನಾವು ಮಾರಿಕುಪ್ಪಂನ ಬೌದ್ಧ ಸಂಘದವರೆಗೆ ತಲುಪುತ್ತೇವೆ. ದಲಿತರನ್ನು ಬೌದ್ಧಧರ್ಮದ ಕಡೆಗೆ ಕರೆದ ತಮಿಳು ಚಿಂತಕ ಪಂಡಿತ ಅಯೋತಿದಾಸರ ಚಳವಳಿಯ ಶಾಖೆಯೊಂದು 20ನೆಯ ಶತಮಾನದ ಮೊದಲ ದಶಕದಲ್ಲೇ ಅಲ್ಲಿತ್ತು. ನಾವು ಹುಟ್ಟಿನಿಂದ ಕೀಳಲ್ಲ ಎಂಬ ಮಾತನ್ನು ಆ ಲೈನ್ ಮನೆಗಳ ಜನ 1930ಕ್ಕೆ ಬರುವ ಹೊತ್ತಿಗೆ ಒಂದು ತಲೆಮಾರಿನಿಂದ ಕೇಳುತ್ತಿದ್ದರು. 1954ರಲ್ಲಿ ಅಂಬೇಡ್ಕರ್ ಕೋಲಾರದ ಚಿನ್ನದ ಗಣಿಗೆ ಬಂದಾಗ ಅವರನ್ನು ಎದುರುಗೊಂಡದ್ದು ಈ ಪರಂಪರೆಯ ಜನ. ಇದು ಕರ್ನಾಟಕದ ಸಾಮಾಜಿಕ ಚರಿತ್ರೆಯ ಭಾಗವಲ್ಲದೆ ಇನ್ನೇನು?

ಕಾದಂಬರಿಯಲ್ಲಿ ಒಂದು ದೀರ್ಘ ಅಧ್ಯಾಯ ಆಸರೆ ಕಟ್ಟುವ ಕೆಲಸದ ಬಗ್ಗೆ ಇದೆ. ಚಿನ್ನ ಸಿಗುವ ಪಟ್ಟಿಯನ್ನು ಕೊರೆದು ತೆಗೆದ ಜಾಗ ಪೊಳ್ಳಾಗುತ್ತದೆ, ಮೇಲಿನ ಮೂರು ಕಿಲೋಮೀಟರ್ ಬಂಡೆಯ ಭಾರ ಆ ಪೊಳ್ಳನ್ನು ಮುಚ್ಚಲು ಒತ್ತುತ್ತಲೇ ಇರುತ್ತದೆ. ಅದನ್ನು ತಡೆಯಲು ಮರದ ದಿಮ್ಮಿಗಳನ್ನು ಜೋಡಿಸಿ ಆಸರೆ ಕೊಡುತ್ತಿದ್ದರು, ಆಳ ಹೆಚ್ಚಿದಂತೆ ಗ್ರಾನೈಟ್ ಕಲ್ಲಿನ ಗೋಡೆಗಳನ್ನೇ ಕಟ್ಟಿದರು. ಆದರೂ ಒಮ್ಮೊಮ್ಮೆ ಒತ್ತಡ ತಾಳದೆ ಬಂಡೆ ಸ್ಫೋಟಿಸುತ್ತಿತ್ತು. ಅದಕ್ಕೆ ರಾಕ್ ಬರ್ಸ್ಟ್ ಎನ್ನುತ್ತಾರೆ. ಅದು ಆದಾಗ ನೆಲದ ಮೇಲಿನ ಮನೆಗಳೂ ನಡುಗುತ್ತಿದ್ದವು, ಹೆಂಗಸರು ಒಲೆ ಬಿಟ್ಟು ಗಣಿಯ ಬಾಯಾದ ಶಾಫ್ಟಿನ ಕಡೆ ಓಡುತ್ತಿದ್ದರು. ಮರ ಮಿಸುಕುವ ಸದ್ದನ್ನು ಕೇಳಿಯೇ ಇಲ್ಲಿ ನಿಲ್ಲಬಹುದೋ ಬಾರದೋ ಎಂದು ಹೇಳಬಲ್ಲ ಟಿಂಬರ್‌ಮನ್‌ಗಳಿದ್ದರು. ಬಂಡೆಯ ಶಾಖ 60 ಡಿಗ್ರಿ ದಾಟುವ ಆಳದಲ್ಲಿ, ತಲೆಗೆ ಕಟ್ಟಿದ ಒಂದು ದೀಪದ ಬೆಳಕಿನಲ್ಲಿ ಮಾಡುವ ಕೆಲಸ ಅದು. ಹಸ್ತಪ್ರತಿ ಓದಿದ ಇಬ್ಬರು ಸ್ನೇಹಿತರು ಈ ಅಧ್ಯಾಯ ತಾಂತ್ರಿಕವಾಗಿದೆ, ಅರ್ಧಕ್ಕೆ ಇಳಿಸು ಎಂದು ಪ್ರೀತಿಯಿಂದಲೇ ಹೇಳಿದರು. ನಾನು ಇಳಿಸಲಿಲ್ಲ. ಬೇಸಾಯಗಾರ ನೊಗ ಹೂಡುವುದನ್ನು, ಅಡಿಕೆ ತೋಟದವರು ಕೊನೆ ಕೀಳುವುದನ್ನು ಕನ್ನಡ ಗದ್ಯ ಎಷ್ಟು ಸಾವಧಾನದಿಂದ ವರ್ಣಿಸಿದೆ. ಅದೇ ಸಾವಧಾನ ಗಣಿಯ ಕೆಲಸಕ್ಕೂ ಸಲ್ಲಬೇಕು. ದುಡಿಯುವವರ ನೋವನ್ನು ಬರೆದು ಅವರ ಕೌಶಲವನ್ನು ಬರೆಯದಿದ್ದರೆ ನಾವು ಅವರನ್ನು ಅರ್ಧ ಮನುಷ್ಯರನ್ನಾಗಿ ಮಾಡುತ್ತೇವೆ.

ಆಳದ ಮಾತು ಬಂದದ್ದರಿಂದ ಕಥೆಯಿಂದ ಸ್ವಲ್ಪ ಆಚೆ ಹೋಗುತ್ತೇನೆ. ಚಾಂಪಿಯನ್ ರೀಫ್ ಗಣಿ ನೆಲದಿಂದ ಮೂರು ಕಿಲೋಮೀಟರಿಗೂ ಕೆಳಗೆ ಇಳಿದಿತ್ತು. ಅಷ್ಟು ಬಂಡೆಯ ಹೊದಿಕೆ ಬೇರೆಲ್ಲೂ ಸುಲಭವಾಗಿ ಸಿಗದ ಕಾರಣ ವಿಜ್ಞಾನಿಗಳು ಅಲ್ಲಿಗೆ ಉಪಕರಣ ಇಳಿಸಿದರು. ವಾತಾವರಣದಲ್ಲಿ ಹುಟ್ಟಿ, ಬೇರೆ ಕಣಗಳನ್ನು ತಡೆಯುವ ಬಂಡೆಯನ್ನೂ ತೂರಿ ಬರುವ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳ ಸುಳಿವು 1965ರಲ್ಲಿ ಕೋಲಾರದ ಆ ಗಣಿಯಲ್ಲಿ ಸಿಕ್ಕಿತು, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳ ಜೊತೆ ನಡೆಸಿದ ಪ್ರಯೋಗದಲ್ಲಿ. ಜಗತ್ತಿನ ಭೌತವಿಜ್ಞಾನದ ಚರಿತ್ರೆಯಲ್ಲಿ ಗುರುತಾದ ಸಂಗತಿ ಇದು. ಆ ಉಪಕರಣ ಇರಿಸಿದ ಸುರಂಗವನ್ನು ಕೊರೆದವರು, ಅದರ ಚಾವಣಿಗೆ ಆಸರೆ ಕೊಟ್ಟವರು, ವಿಜ್ಞಾನಿಗಳನ್ನು ಕೇಜಿನಲ್ಲಿ ಕ್ಷೇಮವಾಗಿ ಇಳಿಸಿ ಹತ್ತಿಸಿದವರು ಈ ಕಾರ್ಮಿಕರೇ ಅಲ್ಲವೆ? ಕಾದಂಬರಿಯಲ್ಲಿ ಡ್ರಿಲ್ಲರ್ ತನ್ನ ಹೆಂಡತಿಗೆ, ಇವತ್ತು ನಮ್ಮ ಲೆವೆಲ್ಲಿಗೆ ಆಕಾಶದ ಕಣ ಹುಡುಕುವವರು ಬಂದಿದ್ದರು ಎಂದು ಹೇಳುವ ಒಂದು ಪುಟ ಇದೆ. ಇಡೀ ಪುಸ್ತಕದಲ್ಲಿ ನನಗೆ ಬಹಳ ಇಷ್ಟವಾದ ಪುಟ ಅದು.

ಪಾತ್ರಗಳ ಮಾತಿನ ಬಗ್ಗೆ ಅನೇಕರು ಕೇಳುತ್ತಾರೆ. ತಮಿಳು ಆಡುವ ಮನೆಯ ಮಾತನ್ನು ನಾನು ಕೋಲಾರ ಸೀಮೆಯ ಆಡುಗನ್ನಡದಲ್ಲಿ ಬರೆದಿದ್ದೇನೆ, ಏಕೆಂದರೆ ಆ ಸೀಮೆಯ ಕನ್ನಡದಲ್ಲಿ ತೆಲುಗು ತಮಿಳುಗಳ ಲಯ ಆಗಲೇ ಬೆರೆತಿದೆ, ಮತ್ತು ನನಗೆ ಒಳಗಿನಿಂದ ಗೊತ್ತಿರುವ ಕನ್ನಡ ಅದೊಂದೇ.

ಇನ್ನು ಪುಸ್ತಕವನ್ನು ಜನ ಬರಮಾಡಿಕೊಂಡ ಬಗೆ. ಮೊದಲು ಬಂದ ವಿಮರ್ಶೆಗಳಲ್ಲಿ ಒಂದು, ಕಾದಂಬರಿಯ ಕಸುಬುಗಾರಿಕೆಯನ್ನು ಮೆಚ್ಚಿಕೊಂಡು, ಇದು ಕನ್ನಡದ ಅನುಭವವೇ ಎಂಬ ಪ್ರಶ್ನೆ ಎತ್ತಿತು. ಕನ್ನಡಿಗರಲ್ಲದವರ ಕಥೆಯನ್ನು ಕನ್ನಡದಲ್ಲಿ ಹೇಳಿದ ಮಾತ್ರಕ್ಕೆ ಅದು ಕನ್ನಡ ಕಾದಂಬರಿಯಾಗುತ್ತದೆಯೇ ಎಂಬುದು ಆ ವಿಮರ್ಶೆಯ ಧಾಟಿ. ಸಭೆಗಳಲ್ಲೂ ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬಂದಿದೆ, ಒಮ್ಮೊಮ್ಮೆ ಕಹಿಯಾಗಿಯೂ. ಗಣಿಯಲ್ಲಿ ಸ್ಥಳೀಯರಿಗೆ ಕೆಲಸ ಸಿಗಲಿಲ್ಲ, ಗಡಿಜಿಲ್ಲೆಯಲ್ಲಿ ಕನ್ನಡ ಸೊರಗಿತು, ಆ ನೋವನ್ನು ನೀವು ಯಾಕೆ ಬರೆಯಲಿಲ್ಲ ಎಂದು ಕೇಳಿದವರಿದ್ದಾರೆ. ಆ ನೋವು ಸುಳ್ಳೆಂದು ನಾನು ಹೇಳುವುದಿಲ್ಲ, ನಾನು ಅದೇ ಜಿಲ್ಲೆಯವಳು. ಆದರೆ ಯಾರನ್ನು ಕೆಲಸಕ್ಕೆ ಕರೆತರಬೇಕೆಂದು ನಿರ್ಧರಿಸಿದ್ದು ಲಂಡನ್ನಿನ ಕಂಪನಿ ಮತ್ತು ಅದರ ಮೇಸ್ತ್ರಿಗಳು. ಕ್ಷಾಮ ಮತ್ತು ಜಾತಿಯ ಹಿಂಸೆಯಿಂದ ತಪ್ಪಿಸಿಕೊಂಡು ಬಂದ ಹುಡುಗನ ಮೇಲೆ ಆ ನಿರ್ಧಾರದ ಭಾರ ಹೊರಿಸುವುದು ನ್ಯಾಯವಲ್ಲ. ಅವರ ಚಿನ್ನ ನಮ್ಮದು, ಅವರ ವಿದ್ಯುತ್ತು ನಮ್ಮದು, ಅವರ ಹೆಸರಿನಲ್ಲಿ ಬಂದ ರಾಯಧನ ನಮ್ಮದು, ಅವರ ಕೆಮ್ಮು ಮಾತ್ರ ನಮ್ಮದಲ್ಲ ಎನ್ನುವ ಸಾಹಿತ್ಯ ನನಗೆ ಬೇಡ.

ಗಣಿಯ ಊರಿನಲ್ಲಿ ಪುಸ್ತಕ ಓದಿಸಿಕೊಂಡ ರೀತಿಯೇ ಬೇರೆ. ಅಲ್ಲಿನ ಹಿರಿಯರಲ್ಲಿ ಅನೇಕರಿಗೆ ಕನ್ನಡ ಮಾತು ಬರುತ್ತದೆ, ಓದು ಬಾರದು. ಮೊಮ್ಮಕ್ಕಳು ಶಾಲೆಯಲ್ಲಿ ಕನ್ನಡ ಕಲಿತಿದ್ದಾರೆ. ಹಾಗಾಗಿ ಸಂಜೆ ಮನೆಯ ಮುಂದೆ ಕೂತು ಮೊಮ್ಮಕ್ಕಳು ಗಟ್ಟಿಯಾಗಿ ಓದುವುದು, ನಡುನಡುವೆ ತಮಿಳಿನಲ್ಲಿ ವಿವರಿಸುವುದು, ಹಿರಿಯರು ತಡೆದು ತಮ್ಮ ನೆನಪು ಸೇರಿಸುವುದು, ಹೀಗೆ ಓದು ನಡೆಯಿತು ಎಂದು ಒಂದಕ್ಕಿಂತ ಹೆಚ್ಚು ಮನೆಯವರು ಹೇಳಿದರು. ಅಂಥ ಒಂದು ಮನೆಗೆ ನನ್ನನ್ನು ಕರೆದಿದ್ದರು. ಟಿಂಬರ್‌ಮನ್ ಆಗಿ ನಿವೃತ್ತರಾದ ಹಿರಿಯರು ಆಸರೆಯ ಅಧ್ಯಾಯವನ್ನು ಎರಡು ಸಲ ಓದಿಸಿಕೊಂಡಿದ್ದರು. “ಅಮ್ಮಾ, ನಮ್ಮನ್ನು ನೋಡಿ ಅಯ್ಯೋ ಪಾಪ ಅಂದವರು ಬೇಕಾದಷ್ಟು ಮಂದಿ. ನಮ್ಮ ಕೆಲಸ ಹೇಗಿತ್ತು ಅಂತ ಕೇಳಿದವರು ಕಡಿಮೆ” ಎಂದರು. ಆಮೇಲೆ ಸೊಸೆಯನ್ನು ಕರೆದು ಬೆಂಕಿಕಡ್ಡಿಗಳನ್ನು ತರಿಸಿ, ಇಳಿಜಾರಿನ ಜಾಗದಲ್ಲಿ ದಿಮ್ಮಿ ಜೋಡಿಸುವ ಬೇರೆ ಒಂದು ಕ್ರಮವನ್ನು ನೆಲದ ಮೇಲೆ ಕಟ್ಟಿ ತೋರಿಸಿದರು. ಮಕ್ಕಳೆಲ್ಲ ಸುತ್ತ ಕೂತು ನೋಡಿದರು. ಅವರು ಅಜ್ಜನ ಕೈಕೆಲಸವನ್ನು ಮೊದಲ ಸಲ ನೋಡುತ್ತಿದ್ದರು.

ನಮ್ಮ ಕಡೆಯ ಹಳ್ಳಿಗಳಿಂದಲೂ ಓದುಗರು ಬರೆದರು. ಬೇತಮಂಗಲದ ಕೆರೆಯ ನೀರನ್ನು ಗಣಿಗೆ ಒಯ್ದ ಸಂಗತಿ ಕಾದಂಬರಿಯಲ್ಲಿ ಎರಡು ಪ್ಯಾರಾಗಳಲ್ಲಿ ಮುಗಿಯುತ್ತದೆ. ಪಾಲಾರ್ ನದಿಯ ಕೆಳಗಿನ ರೈತರ ಪಾಲಿಗೆ ಅದೇ ಒಂದು ಕಾದಂಬರಿ ಎಂದು ಒಬ್ಬ ರೈತರು ದೀರ್ಘ ಪತ್ರ ಬರೆದಿದ್ದರು. ಅವರ ಮಾತು ನಿಜ. ಅದನ್ನು ಅವರ ಊರಿನವರೇ ಯಾರಾದರೂ ಬರೆಯಬೇಕೆಂಬುದು ನನ್ನ ಆಸೆ.

ಅತಿ ಹೆಚ್ಚು ಪತ್ರ ಬಂದದ್ದು ಕೊನೆಯ ಅಧ್ಯಾಯದ ಬಗ್ಗೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚುತ್ತದೆ. ಕಥೆಯ ಅಜ್ಜಿ ಗಂಡನ ಎಕ್ಸ್‌ರೇ ಹಿಡಿದು ಪರಿಹಾರದ ವಿಚಾರಣೆಗೆ ಹೋಗುತ್ತಾಳೆ, ಅವಳ ಹೆಸರು ಕೂಗುತ್ತಾರೆ, ಅವಳು ಒಳಗೆ ಹೋಗುತ್ತಾಳೆ, ಪುಸ್ತಕ ಮುಗಿಯುತ್ತದೆ. ಪರಿಹಾರ ಸಿಕ್ಕಿತೋ ಇಲ್ಲವೋ ಹೇಳದೆ ನಿಲ್ಲಿಸಿದ್ದಕ್ಕೆ ಅನೇಕರು, ಮುಖ್ಯವಾಗಿ ಹೆಂಗಸರು, ನನ್ನ ಮೇಲೆ ಬೇಸರ ಮಾಡಿಕೊಂಡರು. ಮುನ್ನೂರೈವತ್ತು ಪುಟ ಅವಳ ಜೊತೆ ನಡೆದ ನಮಗೆ ಇಷ್ಟಾದರೂ ತಿಳಿಸಬಾರದಿತ್ತೇ ಎಂದು ಒಬ್ಬ ಶಿಕ್ಷಕಿ ಕೇಳಿದರು. ಆ ಪ್ರಶ್ನೆಯ ಹಿಂದಿನ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೂ ನಾನು ಆ ಮುಕ್ತಾಯವನ್ನು ಎರಡನೆಯ ಮುದ್ರಣದಲ್ಲಿ ಬದಲಿಸಲಿಲ್ಲ. ಸಿಕ್ಕಿತು ಎಂದು ಬರೆದರೆ ಓದುಗರಿಗೆ ಸಮಾಧಾನವಾಗಿ ಪುಸ್ತಕ ಮುಚ್ಚುತ್ತಾರೆ, ಸಿಗಲಿಲ್ಲ ಎಂದು ಬರೆದರೆ ದುಃಖಪಟ್ಟು ಮುಚ್ಚುತ್ತಾರೆ. ಎರಡರಲ್ಲೂ ವಿಚಾರಣೆ ಮುಗಿದಂತಾಗುತ್ತದೆ. ನಾನು ಮಾತನಾಡಿಸಿದ ಎಷ್ಟೋ ಮನೆಗಳಲ್ಲಿ ಅದು ಮುಗಿದಿಲ್ಲ, ಲಕೋಟೆ ಇನ್ನೂ ಟ್ರಂಕಿನಲ್ಲೇ ಇದೆ. ನಡೆಯುತ್ತಿರುವ ಪ್ರಕರಣವನ್ನು ಕಾದಂಬರಿ ತನ್ನ ಅನುಕೂಲಕ್ಕಾಗಿ ಇತ್ಯರ್ಥ ಮಾಡಬಾರದು ಎಂಬ ನನ್ನ ಅಭಿಪ್ರಾಯ ಈಗಲೂ ಗಟ್ಟಿಯಾಗಿದೆ.

ಮತ್ತು ದೂಳಿನ ಅಧ್ಯಾಯವೂ ಮುಗಿದಿಲ್ಲ. ಚಿನ್ನ ಬೇರ್ಪಡಿಸಲು ಸೈನೈಡ್ ಬಳಸಿ ಉಳಿದ ಹುಡಿಯನ್ನು ನೂರು ವರ್ಷ ಸುರಿದು ಸುರಿದು ಆ ಊರಿನ ಸುತ್ತ ಬೂದುಬಣ್ಣದ ದಿಬ್ಬಗಳು ಎದ್ದಿವೆ, ಅವುಗಳಲ್ಲಿ ಇರುವುದು ಮೂರು ಕೋಟಿ ಟನ್ನಿಗೂ ಹೆಚ್ಚು. ಗಾಳಿಯ ತಿಂಗಳುಗಳಲ್ಲಿ ಆ ಹುಡಿ ಮನೆಯೊಳಗೆ, ಅನ್ನದ ತಟ್ಟೆಗೆ, ಗಣಿಯನ್ನೇ ಕಾಣದ ಮಕ್ಕಳ ಮೂಗಿಗೆ ಬರುತ್ತದೆ. ಆ ದಿಬ್ಬಗಳಲ್ಲಿ ಉಳಿದಿರುವ ಚಿನ್ನವನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ. ಕೆಲಸ ಬರಬಹುದು ಎಂದು ಊರಿನ ಯುವಕರು ಕಾಯುತ್ತಿದ್ದಾರೆ, ಅವರ ಕಾಯುವಿಕೆಯನ್ನು ನಾನು ಗೌರವಿಸುತ್ತೇನೆ. ಆದರೆ ದಿಬ್ಬ ಅಗೆದಾಗ ಏಳುವ ಹುಡಿಯನ್ನು ಹೇಗೆ ತಡೆಯುತ್ತೀರಿ, ಅಲ್ಲಿ ಕೆಲಸ ಮಾಡುವವರ ಎದೆಯನ್ನು ಮೊದಲ ದಿನವೇ ಪರೀಕ್ಷಿಸಿ ದಾಖಲಿಸುತ್ತೀರೋ ಇಲ್ಲವೋ ಎಂದು ಈಗಲೇ ಕೇಳಬೇಕು. ಟನ್ನಿಗೆ ಎಷ್ಟು ಗ್ರಾಂ ಎಂಬ ಕೋಷ್ಟಕದ ಪಕ್ಕದಲ್ಲೇ ಈ ಕೋಷ್ಟಕವೂ ಇರಬೇಕು, ಅದು ಕರಾರಿನ ಭಾಗವಾಗಬೇಕು. ಕಾದಂಬರಿಕಾರ್ತಿಗೆ ಇದೆಲ್ಲ ಯಾಕೆ ಎಂದು ಒಂದು ಸಭೆಯಲ್ಲಿ ಕೇಳಿದರು. ನಾನು ಕಾದಂಬರಿ ಬರೆದದ್ದೇ ಇದಕ್ಕೆ ಎಂದು ಉತ್ತರಿಸಿದೆ.

ಕೊನೆಯದಾಗಿ, ನಿಮ್ಮಲ್ಲಿ ಒಬ್ಬರು ಚೀಟಿಯಲ್ಲಿ ಕೇಳಿರುವ ಪ್ರಶ್ನೆಗೆ ಉತ್ತರ. ಹೌದು, ತಮಿಳು ಅನುವಾದ ನಡೆಯುತ್ತಿದೆ. ಗಣಿಯ ಊರಿನಲ್ಲೇ ಹುಟ್ಟಿ, ಅಲ್ಲಿನ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರೊಬ್ಬರು ಅದನ್ನು ಮಾಡುತ್ತಿದ್ದಾರೆ. 1930ರ ಮುಷ್ಕರದ ಸಮಯದಲ್ಲಿ ಲೈನ್ ಮನೆಗಳಲ್ಲಿ ಹಾಡುತ್ತಿದ್ದರೆನ್ನಲಾದ ಒಂದೆರಡು ಪದಗಳನ್ನು ಅವರು ತಮ್ಮ ತಾಯಿಯ ಕಡೆಯ ಹಿರಿಯರಿಂದ ಕೇಳಿ ಬರೆದುಕೊಂಡಿದ್ದಾರೆ. ನನ್ನ ಕನ್ನಡ ಪುಸ್ತಕದಲ್ಲಿ ಇಲ್ಲದ ಆ ಪದಗಳು ಅವರ ತಮಿಳು ಪುಸ್ತಕದಲ್ಲಿ ಇರುತ್ತವೆ. ಮುಂದಿನ ಕನ್ನಡ ಮುದ್ರಣಕ್ಕೆ ಅವುಗಳನ್ನು ಅವರಿಂದ ಕೇಳಿ ತೆಗೆದುಕೊಳ್ಳುತ್ತೇನೆ.